ಶೇರ್ ಕ್ಯಾಬ್‌ನಲ್ಲಿ ಒಬ್ಬರ ಇಷ್ಟಕ್ಕೆ ಇನ್ನೊಬ್ಬರು ಎಷ್ಟು ಕಾಯಬೇಕು?

ಹಿಂದಿನಸೀಟು

ನಾವು ನಾಲ್ಕೈದು ಜನ ಸೇರಿ ಶೇರ್ ಕ್ಯಾಬ್‌ಗೆ ಒಂದು ಸಣ್ಣ ಆ್ಯಪ್ ಕಟ್ಟುತ್ತಿದ್ದೇವೆ. ಮ್ಯಾಪ್, ಪೇಮೆಂಟು, ದಾರಿ ಹುಡುಕುವುದು ಎಲ್ಲ ಒಂದು ಹದಕ್ಕೆ ಬಂದಿದೆ. ತಲೆ ಕೆಟ್ಟಿರುವುದು ಬೇರೆ ಕಡೆ. ಪ್ರಯಾಣಿಕರ ಇಷ್ಟಗಳನ್ನು ಕೇಳಿಕೊಂಡೇ ಗಾಡಿ ಜೋಡಿಸೋಣ ಅಂತ ಶುರು ಮಾಡಿದೆವು. ಪಟ್ಟಿ ಬೆಳೆಯುತ್ತಲೇ ಹೋಯಿತು. ಬೇಗ ತಲುಪಬೇಕು, ಬಾಡಿಗೆ ಕಡಿಮೆ ಇರಬೇಕು, ಮಾತು ಬೇಡ, ಜೊತೆಗೆ ಹೆಂಗಸರೇ ಇರಲಿ, ಮಧ್ಯದ ಸೀಟು ಬೇಡ, ನಡೆದು ಹೋಗಿ ಹತ್ತಲು ಆಗುವುದಿಲ್ಲ, ಒಂಬತ್ತರೊಳಗೆ ಮುಟ್ಟಲೇಬೇಕು.

ಒಬ್ಬರ ಇಷ್ಟ ನಡೆಸಿಕೊಡಲು ಹೋದರೆ ಇನ್ನೊಬ್ಬರ ಹತ್ತು ನಿಮಿಷ ಹೋಗುತ್ತದೆ. ಆ ಹತ್ತು ನಿಮಿಷದ ಬೆಲೆಯನ್ನು ಯಾರು ಕೊಡಬೇಕು? ಇಷ್ಟ ಹೇಳಿದವರಾ, ಎಲ್ಲರೂ ಹಂಚಿಕೊಳ್ಳಬೇಕಾ, ಅಥವಾ ನಾವೇ ಹೊರಬೇಕಾ? ಬಾಡಿಗೆ ಹಂಚುವ ಲೆಕ್ಕದಲ್ಲೂ ನಮ್ಮೊಳಗೇ ಜಗಳ ಇದೆ. ಬಲ್ಲವರು ಹೇಳಿ.

ಲೆಕ್ಕಪತ್ರ

ಮೊದಲು ಬಾಡಿಗೆ ಲೆಕ್ಕ ನೋಡೋಣ. ಇಷ್ಟಗಳ ಗೊಂದಲ ಅರ್ಧ ಅಲ್ಲೇ ಕರಗುತ್ತದೆ.

ಮೂವರು ಒಂದೇ ಕಡೆ ಹತ್ತುತ್ತಾರೆ ಅಂದುಕೊಳ್ಳಿ. ಒಂದೇ ರಸ್ತೆ. ಮೊದಲನೆಯವರು 6 ಕಿಲೋಮೀಟರ್‌ಗೆ ಇಳಿಯುತ್ತಾರೆ, ಎರಡನೆಯವರು 10ಕ್ಕೆ, ಮೂರನೆಯವರು 16ಕ್ಕೆ. ಗಾಡಿ ಓಡಿದ್ದು 16 ಕಿಲೋಮೀಟರ್. ದುಡ್ಡಿನ ಬದಲು ಕಿಲೋಮೀಟರನ್ನೇ ಹಂಚೋಣ.

ಒಂದು ದಾರಿ: ಯಾರು ಎಷ್ಟು ದೂರ ಕೂತರೋ ಆ ತುಂಡಿಗೆ ಅಷ್ಟು ಪಾಲು. ಮೊದಲ 6 ಕಿಲೋಮೀಟರ್ ಮೂವರದು, ತಲಾ 2. ಮುಂದಿನ 4 ಇಬ್ಬರದು, ತಲಾ 2. ಕೊನೆಯ 6 ಒಬ್ಬರದೇ. ಹಾಗಾಗಿ 2, 4, 10. ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಕೊಟ್ಟ, ಸೇರಿ ಮಾಡಿದ್ದರ ಪಾಲು ಹಂಚುವ ಸೂತ್ರ ಹಾಕಿದರೂ ಇದೇ ಉತ್ತರ ಬರುತ್ತದೆ. (ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಅದು ಜೋಡಿಸುವ ಕೆಲಸದ ಬಗ್ಗೆ. ಆ ಮಾತು ಆಮೇಲೆ ಬರುತ್ತದೆ.) 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವೆನ್ ಅನ್ನುವ ಇಬ್ಬರು ಸಂಶೋಧಕರು ಇದೇ ಲೆಕ್ಕವನ್ನು ವಿಮಾನ ನಿಲ್ದಾಣದ ರನ್‌ವೇ ಖರ್ಚಿಗೆ ಹಚ್ಚಿದರು. ದೊಡ್ಡ ವಿಮಾನಕ್ಕೆ ಉದ್ದದ ರನ್‌ವೇ ಬೇಕು, ಚಿಕ್ಕದಕ್ಕೆ ಗಿಡ್ಡದ್ದು ಸಾಕು. ಗಿಡ್ಡ ತುಂಡಿನ ಖರ್ಚು ಎಲ್ಲರದು, ಮುಂದಿನದು ಬೇಕಾದವರದು.

ಇನ್ನೊಂದು ದಾರಿ: ಒಂಟಿಯಾಗಿ ಹೋಗಿದ್ದರೆ ಆಗುತ್ತಿದ್ದ ಖರ್ಚಿಗೆ ತಕ್ಕ ಹಾಗೆ. 6, 10, 16 ಕೂಡಿದರೆ 32. ಓಡಿದ್ದು 16. ಎಲ್ಲರಿಗೂ ಸರಿಯಾಗಿ ಅರ್ಧ. 3, 5, 8.

ನನ್ನ ವೋಟು ಮೊದಲನೆಯದಕ್ಕೆ.

ಹಿಂದಿನಸೀಟು

ನಮ್ಮಲ್ಲೂ ಜಗಳ ಇದೇ! ಒಬ್ಬರು 2-4-10 ಅನ್ನುತ್ತಾರೆ, ಇನ್ನೊಬ್ಬರು 3-5-8.

ಸ್ಟೇರಿಂಗ್‌ಹಿಂದೆ

ಶೇರ್ ಗಾಡಿ ಓಡಿಸಿದವನಾಗಿ ಒಂದು ಮಾತು. ಲೆಕ್ಕಪತ್ರ ಅವರ ಉದಾಹರಣೆಯಲ್ಲಿ ಕೊನೆಗೆ ಇಳಿಯುವವರು ಎರಡು ಸಲ ಗಾಡಿ ನಿಲ್ಲುವುದನ್ನು ಸಹಿಸುತ್ತಾರೆ. ಪ್ರತಿ ಸಲ ಒಂದೆರಡು ನಿಮಿಷ. ಡೋರ್ ತೆಗೆಯುವುದು, ಬ್ಯಾಗ್ ಇಳಿಸುವುದು, ಪಕ್ಕದವರು ಇಳಿದು ದಾರಿ ಬಿಡುವುದು. ಮೊದಲು ಇಳಿಯುವವರಿಗೆ ಇದು ಯಾವುದೂ ಇಲ್ಲ. 2-4-10 ಮಾಡಿದರೆ ಜಾಸ್ತಿ ಕಾಟ ತಿಂದವರೇ ಕಡಿಮೆ ಉಳಿಸುತ್ತಾರೆ. ಮೊದಲನೆಯವರಿಗೆ ಮೂರನೇ ಎರಡು ಪಾಲು ಉಳಿತಾಯ, ಕೊನೆಯವರಿಗೆ 16ರಲ್ಲಿ 6. ಇದು ನ್ಯಾಯವಾ?

ಲೆಕ್ಕಪತ್ರ

ಮಾತು ಸರಿ ಇದೆ. ಸೂತ್ರಕ್ಕೆ ಕಿಲೋಮೀಟರ್ ಮಾತ್ರ ಕೊಟ್ಟರೆ ಅದು ಕಿಲೋಮೀಟರ್ ಮಾತ್ರ ಹಂಚುತ್ತದೆ. ಕಾದ ನಿಮಿಷವನ್ನೂ ಖರ್ಚು ಅಂತ ಬರೆದುಕೊಂಡು ಹಂಚಿದರೆ ಉತ್ತರ 3-5-8ರ ಕಡೆ ವಾಲುತ್ತದೆ. ಎಷ್ಟು ವಾಲುತ್ತದೆ ಅನ್ನುವುದು ಆ ಪ್ರಯಾಣಿಕರಿಗೆ ನಿಮಿಷದ ಬೆಲೆ ಎಷ್ಟು ಅನ್ನುವುದರ ಮೇಲೆ. ಇಷ್ಟಗಳ ಪ್ರಶ್ನೆ ಬಾಡಿಗೆಯೊಳಗೆ ಬರುವುದು ಈ ಬಾಗಿಲಿನಿಂದಲೇ.

ಗ್ರಾಫ್‌ಹುಚ್ಚು

ಇಲ್ಲಿ ಎಲ್ಲರೂ ಮೂವರು ಒಟ್ಟಿಗೆ ಹತ್ತುತ್ತಾರೆ ಅಂದುಕೊಂಡಿದ್ದೀರಿ. ನಿಜದಲ್ಲಿ ಹಾಗಾಗುವುದಿಲ್ಲ ಅಲ್ವಾ. ಒಬ್ಬರು ಹತ್ತುತ್ತಾರೆ, ಐದು ನಿಮಿಷಕ್ಕೆ ಇನ್ನೊಬ್ಬರ ಕರೆ ಬರುತ್ತದೆ, ಗಾಡಿ ತಿರುಗುತ್ತದೆ.

ಹಾಗಾಗಿ ನಾನು ಒಂದೇ ನಿಯಮ ಕೇಳುತ್ತೇನೆ. ಹೊಸಬರು ಹತ್ತಿದ ಪ್ರತಿ ಸಲವೂ, ಆಗಲೇ ಒಳಗೆ ಕೂತವರು ಒಂದು ಕ್ಷಣ ಮುಂಚೆ ಇದ್ದದ್ದಕ್ಕಿಂತ ನಷ್ಟದಲ್ಲಿ ಇರಬಾರದು. ಕೊನೆಯಲ್ಲಿ ಒಟ್ಟು ಕೂಡಿ ನೋಡಿದಾಗ ಒಂಟಿ ಸವಾರಿಗಿಂತ ಲಾಭ ಆದರೆ ಸಾಲದು. ಪ್ರತಿ ಹೆಜ್ಜೆಯಲ್ಲೂ ಆಗಬೇಕು.

ಬಿಡಿಸಿ ಹೇಳುತ್ತೇನೆ. ನೀವು ಒಳಗೆ ಕೂತಿದ್ದೀರಿ, ಇಪ್ಪತ್ತು ನಿಮಿಷದ ದಾರಿ. ಎರಡನೆಯವರು ಹತ್ತಿದರು, ನಿಮಗೆ 6 ನಿಮಿಷ ತಡ. ನಿಮ್ಮ ಬಾಡಿಗೆ ಆ 6 ನಿಮಿಷಕ್ಕೆ ತಕ್ಕಷ್ಟಾದರೂ ಇಳಿಯಬೇಕು. ಮೂರನೆಯವರು ಹತ್ತಿದರು, ಇನ್ನೂ 5 ನಿಮಿಷ ತಡ. ಮತ್ತೆ ಇಳಿಯಬೇಕು. ಎರಡನೆಯವರಿಗೂ ತಡ ಆಯಿತು, ಅವರಿಗೂ ಇಳಿಯಬೇಕು. ಈ ಇಳಿತಗಳಿಗೆಲ್ಲ ದುಡ್ಡು ಎಲ್ಲಿಂದ ಬರಬೇಕು? ಮೂರನೆಯವರು ಕೊಡುವ ಬಾಡಿಗೆಯಿಂದ. ಅದು ಸಾಲದಿದ್ದರೆ ಮೂರನೆಯವರನ್ನು ಹತ್ತಿಸಲೇಬಾರದು.

ಈ ನಿಯಮ ನನಗೆ ಯಾಕೆ ಇಷ್ಟ ಅಂದರೆ, ‘ಎಷ್ಟು ಸುತ್ತಿಸಬಹುದು’ ಅಂತ ಬೇರೆ ಮಿತಿ ಇಡುವುದೇ ಬೇಡ. ಸುತ್ತು ಜಾಸ್ತಿಯಾದ ತಕ್ಷಣ ಲೆಕ್ಕ ತಾನೇ ಬೇಡ ಅನ್ನುತ್ತದೆ. ಮತ್ತೆ, ಅವಸರದವರ ನಿಮಿಷ ದುಬಾರಿ. ಅವರು ಒಳಗಿದ್ದಾಗ ಸುತ್ತಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಸುಮ್ನೆಓದುಗ

ಹಾಗಾದರೆ ಎಲ್ಲರೂ ‘ನನಗೆ ಭಾರೀ ಅವಸರ’ ಅಂತಲೇ ಒತ್ತುತ್ತಾರೆ. ನಾನಂತೂ ಒತ್ತುತ್ತೇನೆ 😄

ಗ್ರಾಫ್‌ಹುಚ್ಚು

ಒತ್ತಿ. ಆದರೆ ಸುಳ್ಳು ಹೇಳಿದ್ದಕ್ಕೆ ಏನಾದರೂ ಹೋಗಬೇಕು. ಅವಸರ ಅಂತ ಒತ್ತಿದರೆ ಜೊತೆ ಸಿಗುವ ಸಾಧ್ಯತೆ ಕಡಿಮೆ, ಬಾಡಿಗೆ ಹೆಚ್ಚು. ಆಗಲೂ ಒತ್ತುತ್ತೀರಿ ಅಂದರೆ ನಿಮಗೆ ನಿಜವಾಗಲೂ ಅವಸರ ಇದೆ ಅಂತ ಅರ್ಥ.

ಇನ್ನೂ ಸುಲಭ: ‘ನಿಮಗೆ ಎಷ್ಟು ಅವಸರ’ ಅಂತ ಕೇಳಲೇಬೇಡಿ. ಮೂರು ಆಯ್ಕೆ ತೋರಿಸಿ. ಈಗಲೇ ನೇರವಾಗಿ, ಪೂರ್ತಿ ಬಾಡಿಗೆ. 8 ನಿಮಿಷದವರೆಗೆ ತಡ ಆಗಬಹುದು, ಕಾಲು ಭಾಗ ಕಡಿಮೆ. 15 ನಿಮಿಷದವರೆಗೆ, ಅದಕ್ಕಿಂತ ಕಡಿಮೆ. ಜನ ಒತ್ತಿದ್ದೇ ಉತ್ತರ.

ಕಿಟಕಿಪಕ್ಕ

ಸಮಯ, ದುಡ್ಡಿಗೆ ಇದು ಸರಿ ಹೋಗುತ್ತದೆ. ಎಲ್ಲದಕ್ಕೂ ಇದನ್ನೇ ಹಚ್ಚಬೇಡಿ ದಯವಿಟ್ಟು.

ಮೊದಲ ಪೋಸ್ಟಿನ ಪಟ್ಟಿಯಲ್ಲಿ ‘ಮಾತು ಬೇಡ’ ಪಕ್ಕದಲ್ಲೇ ‘ಜೊತೆಗೆ ಹೆಂಗಸರೇ ಇರಲಿ’ ಇದೆ. ಎರಡೂ ಒಂದೇ ತರಹದ ಟಿಕ್ ಬಾಕ್ಸ್. ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದ ಇಬ್ಬರು ಗಂಡಸರ ನಡುವೆ ಕೂರುವುದಿಲ್ಲ ಅನ್ನುವುದು ನನ್ನ ಶೋಕಿಯಲ್ಲ. ಅದಕ್ಕೆ ನಾನು ಜಾಸ್ತಿ ಕಾಯಬೇಕು, ಜಾಸ್ತಿ ಕೊಡಬೇಕು ಅಂದರೆ, ಭಯಕ್ಕೆ ತೆರಿಗೆ ಹಾಕಿದ ಹಾಗಾಯಿತು.

ಅಮೆರಿಕದಲ್ಲಿ ಲಿಫ್ಟ್ ಅನ್ನುವ ಕ್ಯಾಬ್ ಕಂಪನಿ 2023ರಲ್ಲಿ ಇಂಥದ್ದೊಂದು ಸೌಲಭ್ಯ ತಂದಿತು. ಅದರಲ್ಲೂ ಖಾತ್ರಿ ಇಲ್ಲ. ಹತ್ತಿರದಲ್ಲಿ ಮಹಿಳಾ ಡ್ರೈವರ್ ಇದ್ದರೆ ಮೊದಲು ಅವರ ಜೊತೆ ಜೋಡಿಸುತ್ತದೆ, ಇಲ್ಲದಿದ್ದರೆ ಬೇರೆಯವರು. ಡ್ರೈವರ್ ಆಗಿರುವ ಹೆಂಗಸರೇ ಕಡಿಮೆ ಇದ್ದಾಗ ಅಷ್ಟೇ ಆಗುವುದು, ಅರ್ಥವಾಗುತ್ತದೆ. ಆದರೆ ‘ಸಿಕ್ಕರೆ ಸಿಕ್ಕಿತು’ ಅನ್ನುವುದನ್ನು ಹತ್ತುವ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು. ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ ಗೊತ್ತಾದರೆ ಏನು ಉಪಯೋಗ?

ಗಾಲಿಕುರ್ಚಿ

ಕಿಟಕಿಪಕ್ಕ ಅವರ ಮಾತಿಗೆ ನನ್ನದೂ ಸೇರಿಸಿ.

ಉಬರ್ 2018ರಲ್ಲಿ ‘ಎಕ್ಸ್‌ಪ್ರೆಸ್ ಪೂಲ್’ ಅಂತ ಒಂದು ಶೇರ್ ಸವಾರಿ ತಂದಿತ್ತು. ಸ್ವಲ್ಪ ದೂರ ನಡೆದು ಬಂದು ಹತ್ತಿ, ಇಳಿದ ಮೇಲೆ ಸ್ವಲ್ಪ ನಡೆಯಿರಿ, ಬಾಡಿಗೆ ಇನ್ನೂ ಕಡಿಮೆ. ಐಡಿಯಾ ಚೆನ್ನಾಗಿದೆ. ಗಾಡಿ ಗಲ್ಲಿ ಗಲ್ಲಿ ಸುತ್ತುವುದು ತಪ್ಪುತ್ತದೆ. ಆದರೆ ನಡೆಯಲು ಆಗದವರಿಗೆ ಆ ರಿಯಾಯಿತಿಯ ಬಾಗಿಲೇ ಮುಚ್ಚಿತ್ತು. ಗ್ರಾಫ್‌ಹುಚ್ಚು ಅವರ ಮೂರು ಆಯ್ಕೆಯ ಸ್ಕ್ರೀನ್ ಹಾಕಿದರೂ ಅಷ್ಟೇ. ‘ಜನ ಒತ್ತಿದ್ದೇ ಉತ್ತರ’ ಅನ್ನುತ್ತೀರಿ. ಅಲ್ಲೂ ನಡೆಯುವುದು ಸೇರಿ, ಮೂರರಲ್ಲಿ ಎರಡು ನನ್ನಿಂದ ಆಗದವೇ ಆದರೆ ನಾನು ಆರಿಸಿದ್ದು ಏನು?

ಇನ್ನೊಂದು, ಮಡಚದ ಗಾಲಿಕುರ್ಚಿ ಇಟ್ಟರೆ ಡಿಕ್ಕಿ ತುಂಬಿತು, ಕೆಲವು ಸಲ ಒಂದು ಸೀಟೂ ಹೋಯಿತು. ಹತ್ತಲು ನಾಲ್ಕೈದು ನಿಮಿಷ. ಹೊಸಬರು ಒಳಗಿರುವವರ ನಿಮಿಷಕ್ಕೆ ಬೆಲೆ ಕಟ್ಟಬೇಕು ಅನ್ನುವ ನಿಯಮ ಹಾಕಿದರೆ ನನ್ನ ಬಾಡಿಗೆ ಎಲ್ಲರಿಗಿಂತ ಮೇಲೆ ಹೋಗುತ್ತದೆ. ಅಥವಾ ‘ಬಾಡಿಗೆ ಸಾಲದು, ಹತ್ತಿಸಬೇಡ’ ಅನ್ನುತ್ತದೆ ನಿಮ್ಮ ಲೆಕ್ಕ. ಲೆಕ್ಕದ ಪ್ರಕಾರ ಎಲ್ಲ ಸರಿ, ನಾನು ಮಾತ್ರ ರಸ್ತೆ ಬದಿಯಲ್ಲಿ.

ಗ್ರಾಫ್‌ಹುಚ್ಚು

ಇದಕ್ಕೆ ನನ್ನ ನಿಯಮದಲ್ಲಿ ಉತ್ತರ ಇಲ್ಲ. ಹೊರಗಿನಿಂದ ತರಬೇಕು. ನಿಮ್ಮ ಐದು ನಿಮಿಷದ ಬೆಲೆಯನ್ನು ಒಳಗೆ ಕೂತವರಿಗೆ ಕೊಡಲೇಬೇಕು, ಆದರೆ ನಿಮ್ಮ ಜೇಬಿನಿಂದಲ್ಲ. ಪ್ರತಿ ಸವಾರಿಯಿಂದ ಒಂದು ಚೂರು ತೆಗೆದು ಇಟ್ಟ ಹುಂಡಿಯಿಂದ.

ಲೆಕ್ಕಪತ್ರ

ಹೌದು. ಹಾಗೆ ಮಾಡಿದರೆ ಹತ್ತಿಸಿಕೊಂಡ ಡ್ರೈವರ್‌ಗೂ ಆ ನಿಮಿಷದ ದುಡ್ಡು ಹೋಗಬೇಕು. ಇಲ್ಲದಿದ್ದರೆ ಅವರು ದೂರದಿಂದಲೇ ಕ್ಯಾನ್ಸಲ್ ಮಾಡುತ್ತಾರೆ.

ಸ್ಟೇರಿಂಗ್‌ಹಿಂದೆ

ಮಾಡುತ್ತಾರೆ. ಸುಳ್ಳು ಹೇಳುವುದಿಲ್ಲ. ನಾನು ಒಂದು ಕಂಪನಿಗೆ ಓಡಿಸುತ್ತಿದ್ದಾಗ ನಿಂತ ನಿಮಿಷಕ್ಕೆ ಏನೂ ಸಿಗುತ್ತಿರಲಿಲ್ಲ. ಮೂರು ಪಿಕಪ್ ಇದ್ದರೂ ಒಂದು ಟ್ರಿಪ್‌ನಷ್ಟೇ. ಮೇಲಿಂದ ರೇಟಿಂಗ್ ಬೇರೆ. ಹಿಂದೆ ಕೂತವರು ಫೋನಿನಲ್ಲಿ ಜೋರಾಗಿ ಮಾತಾಡಿದರು, ಪಕ್ಕದವರಿಗೆ ಸಿಟ್ಟು ಬಂತು, ಸ್ಟಾರ್ ಕಳೆದದ್ದು ನನಗೆ. ಆ್ಯಪ್ ತಪ್ಪಾಗಿ ಸುತ್ತಿಸಿತು, ಸ್ಟಾರ್ ಕಳೆದದ್ದು ನನಗೆ. ಪ್ರಯಾಣಿಕರ ಇಷ್ಟ ಅಂತ ಇಷ್ಟೆಲ್ಲ ಬರೆಯುತ್ತಿದ್ದೀರಿ, ಅದನ್ನು ಕಾಪಾಡುವ ಕೆಲಸ ಕೊನೆಗೆ ಸ್ಟೇರಿಂಗ್ ಹಿಡಿದವನ ತಲೆಗೇ ಬರುವುದು.

ಶೇರ್ ಸವಾರಿಯಲ್ಲಿ ರೇಟಿಂಗ್ ಕೇಳುವುದಾದರೆ ಮೂರು ಬೇರೆ ಬೇರೆ ಕೇಳಿ. ಗಾಡಿ ಓಡಿಸಿದ್ದು ಹೇಗಿತ್ತು, ಜೊತೆ ಹೇಗಿತ್ತು, ದಾರಿ ಹೇಗಿತ್ತು. ಮೊದಲನೆಯದು ಮಾತ್ರ ನಮ್ಮದು.

ಹಿಂದಿನಸೀಟು

ಇದು ನಾಳೆಯೇ ಹಾಕುತ್ತೇವೆ. ನಮ್ಮ ಡಿಸೈನಿನಲ್ಲಿ ಐದು ಸ್ಟಾರ್‌ಗಳ ಒಂದೇ ಸಾಲು ಇದೆ.

ಜೊತೆಗಾರರನ್ನು ಆರಿಸುವುದರ ಬಗ್ಗೆ ಕೇಳಬೇಕು. ಫೋಟೋ, ಹೆಸರು ತೋರಿಸಿ ‘ಇವರ ಜೊತೆ ಹೋಗುತ್ತೀರಾ’ ಅಂತ ಕೇಳಿದರೆ ನಂಬಿಕೆ ಬರುತ್ತದೆ ಅಂತ ನಮ್ಮಲ್ಲಿ ಒಬ್ಬರ ವಾದ.

ಲೆಕ್ಕಪತ್ರ

ದಯವಿಟ್ಟು ಬೇಡ. ಅಮೆರಿಕದ ಸಿಯಾಟಲ್, ಬಾಸ್ಟನ್‌ಗಳಲ್ಲಿ ಸುಮಾರು 1,500 ಸವಾರಿ ಕರೆದು ನೋಡಿದ ಅಧ್ಯಯನ 2016ರಲ್ಲಿ ಬಂತು. ಬಾಸ್ಟನ್‌ನಲ್ಲಿ ಕಪ್ಪು ಜನಾಂಗದವರದು ಅನ್ನಿಸುವ ಹೆಸರು ಇದ್ದರೆ ಉಬರ್‌ಎಕ್ಸ್ (ಉಬರ್‌ನ ಸಾಮಾನ್ಯ ಸವಾರಿ) ಡ್ರೈವರ್‌ಗಳು ಕ್ಯಾನ್ಸಲ್ ಮಾಡುವುದು ಎರಡು ಪಟ್ಟಿಗೂ ಹೆಚ್ಚು ಇತ್ತು. ಸಿಯಾಟಲ್‌ನಲ್ಲಿ ಕಪ್ಪು ಪ್ರಯಾಣಿಕರು ಜಾಸ್ತಿ ಹೊತ್ತು ಕಾದರು. ಗಮನಿಸಬೇಕಾದ್ದು ಇನ್ನೊಂದಿದೆ. ಆಗ ಉಬರ್‌ನಲ್ಲಿ ಹೆಸರು ಕಾಣುತ್ತಿದ್ದದ್ದು ಸವಾರಿ ಒಪ್ಪಿಕೊಂಡ ಮೇಲೆ, ಹಾಗಾಗಿ ಕ್ಯಾನ್ಸಲ್ ಲೆಕ್ಕಕ್ಕೆ ಸಿಕ್ಕಿತು. ಲಿಫ್ಟ್‌ನಲ್ಲಿ ಒಪ್ಪುವ ಮೊದಲೇ ಹೆಸರು, ಫೋಟೋ ಎರಡೂ ಕಾಣುತ್ತಿತ್ತು. ಬೇಡದವರನ್ನು ಸುಮ್ಮನೆ ಬಿಟ್ಟು ಮುಂದೆ ಹೋದರೆ ಕ್ಯಾನ್ಸಲ್ ಅಂತ ದಾಖಲೇ ಆಗುವುದಿಲ್ಲ. ಪೂರ್ವಗ್ರಹಕ್ಕೆ ಬಾಗಿಲು ತೆರೆಯುವುದೂ ಮುಚ್ಚುವುದೂ ಎಷ್ಟೋ ಸಲ ಯಾವ ಸ್ಕ್ರೀನ್ ಮೊದಲು ಬರುತ್ತದೆ ಅನ್ನುವುದರಲ್ಲೇ ಇದೆ.

ಕಿಟಕಿಪಕ್ಕ

ಆದರೆ ಹೆಸರು ಗೊತ್ತಿಲ್ಲದೆ ನಾನು ಹೇಗೆ ಹತ್ತಲಿ? ನನಗೆ ಫೋಟೋ ಬೇಕು.

ಲೆಕ್ಕಪತ್ರ

ಜೋಡಿಯಾದ ಮೇಲೆ ತೋರಿಸಲಿ, ಇಬ್ಬರಿಗೂ. ಆಗ ಬೇಡ ಅನ್ನಿಸಿದರೆ ಬಿಡುವ ಹಕ್ಕು ಇರಲಿ, ಕಾರಣ ಕೇಳಬಾರದು, ದಂಡವೂ ಬೇಡ. ಆದರೆ ಯಾರು ಯಾರನ್ನು ಬಿಡುತ್ತಿದ್ದಾರೆ ಅನ್ನುವುದನ್ನು ಆ್ಯಪ್ ಒಳಗೆ ಲೆಕ್ಕ ಇಡಬೇಕು. ಒಂದೇ ತರಹದ ಹೆಸರುಗಳನ್ನೇ ಮತ್ತೆ ಮತ್ತೆ ಬಿಡುವವರು ಗೊತ್ತಾಗಿಬಿಡುತ್ತಾರೆ.

ಕಿಟಕಿಪಕ್ಕ

ಪೂರ್ತಿ ಸಮಾಧಾನ ಇಲ್ಲ. ‘ಮತ್ತೆ ಮತ್ತೆ’ ಅಂದರೆ ಎಷ್ಟು ಸಲ, ಅದನ್ನು ನೋಡುವವರು ಯಾರು ಅನ್ನುವುದನ್ನು ಬರೆದಿಡಿ. ಸದ್ಯಕ್ಕೆ ಒಪ್ಪುತ್ತೇನೆ.

ಸುಮ್ನೆಓದುಗ

ಮಾತಿನ ವಿಷಯ ಯಾರೂ ಎತ್ತಲಿಲ್ಲ. ಕಾರು ಹಂಚಿಕೊಂಡು ಹೋಗುವ ಫ್ರಾನ್ಸಿನ ಆ್ಯಪ್ ಬ್ಲಾಬ್ಲಾಕಾರ್‌ನ ಹೆಸರೇ ಅದರಿಂದ ಬಂದದ್ದು. ಕಡಿಮೆ ಮಾತಿನವರು ‘ಬ್ಲಾ’, ಸ್ವಲ್ಪ ಮಾತಾಡುವವರು ‘ಬ್ಲಾಬ್ಲಾ’, ಬಾಯಿ ಮುಚ್ಚದವರು ‘ಬ್ಲಾಬ್ಲಾಬ್ಲಾ’. ಉಬರ್ 2019ರಲ್ಲಿ ‘ಮೌನ ಬೇಕು’ ಅನ್ನುವ ಆಯ್ಕೆ ಕೊಟ್ಟಿತು, ಅದೂ ದುಬಾರಿ ಗಾಡಿಗಳಲ್ಲಿ ಮಾತ್ರ! ಸುಮ್ನಿರುವುದಕ್ಕೂ ಜಾಸ್ತಿ ದುಡ್ಡು ಕೊಡಬೇಕಾ ಸ್ವಾಮಿ?

ಗ್ರಾಫ್‌ಹುಚ್ಚು

ಮೌನಕ್ಕೆ ಒಂದು ನಿಮಿಷವೂ ಸುತ್ತು ಬೇಕಿಲ್ಲ. ಖರ್ಚಿಲ್ಲದ ಇಷ್ಟಕ್ಕೆ ದುಡ್ಡು ತೆಗೆದುಕೊಳ್ಳಬಾರದು ಅಂತ ನಿಯಮವೇ ಇಡಬಹುದು.

ಆದರೆ ಜೊತೆಗಾರರ ಇಷ್ಟ ಎಲ್ಲವನ್ನೂ ಒಟ್ಟಿಗೆ ಈಡೇರಿಸುತ್ತೇವೆ ಅಂತ ಯಾರಿಗೂ ಮಾತು ಕೊಡಬೇಡಿ. ಗಣಿತಜ್ಞ ಗೇಲ್ ಮತ್ತು ಮೇಲೆ ಬಂದ ಶಾಪ್ಲಿ 1962ರಲ್ಲಿ ಎರಡು ಗುಂಪುಗಳನ್ನು ಜೋಡಿಸುವಾಗ, ವಿದ್ಯಾರ್ಥಿ-ಕಾಲೇಜು ತರಹ, ಯಾರೂ ಬಿಟ್ಟು ಓಡದ ಜೋಡಣೆ ಯಾವಾಗಲೂ ಇರುತ್ತದೆ ಅಂತ ತೋರಿಸಿದರು. ಅದೇ ಲೇಖನದಲ್ಲಿ, ಒಂದೇ ಗುಂಪಿನೊಳಗೆ ಜೋಡಿ ಮಾಡಿದರೆ ಅದು ಇರಲೇಬೇಕು ಅಂತಿಲ್ಲ ಅಂತಲೂ ತೋರಿಸಿದರು. ಶೇರ್ ಕ್ಯಾಬ್ ಎರಡನೆಯ ತರಹದ್ದು.

ನಾಲ್ಕು ಜನ, ಇಬ್ಬಿಬ್ಬರ ಎರಡು ಗಾಡಿ. ಕ ಅವರಿಗೆ ಖ ಬೇಕು. ಖ ಅವರಿಗೆ ಗ ಬೇಕು. ಗ ಅವರಿಗೆ ಕ ಬೇಕು. ಘ ಅವರು ಮೂವರಿಗೂ ಕೊನೆಯ ಆಯ್ಕೆ. ಕ ಅವರನ್ನು ಘ ಜೊತೆ ಕೂರಿಸಿದರೆ, ಖ ಮತ್ತು ಗ ಒಂದೇ ಗಾಡಿ. ಆದರೆ ಗ ಅವರಿಗೆ ಬೇಕಾದ್ದು ಕ. ಕ ಅವರಿಗೂ ಘ ಜೊತೆಗಿಂತ ಗ ವಾಸಿ. ಇಬ್ಬರೂ ಎದ್ದು ಹೊರಡುತ್ತಾರೆ. ಯಾರನ್ನು ಘ ಜೊತೆ ಹಾಕಿದರೂ ಇದೇ ಕಥೆ. ಕೂತು ಬರೆದು ನೋಡಿ, ಬೇರೆ ದಾರಿ ಇಲ್ಲ.

ಗಾಲಿಕುರ್ಚಿ

ನಿಮ್ಮ ಲೆಕ್ಕದಲ್ಲಿ ಆ ‘ಘ’ ಯಾರು ಅಂತ ನನಗೆ ಗೊತ್ತು.

ಗ್ರಾಫ್‌ಹುಚ್ಚು

…ಹೌದು. ಅದಕ್ಕೇ ಒಟ್ಟು ಸಂಖ್ಯೆ ನೋಡಿ ಖುಷಿಪಡಬಾರದು ಅನ್ನುವುದು. 2017ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಸಂಶೋಧಕರು ನ್ಯೂಯಾರ್ಕ್ ಟ್ಯಾಕ್ಸಿ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರು. ನಾಲ್ಕು ಸೀಟಿನ 3,000 ಗಾಡಿ ಇದ್ದರೆ ಬೇಡಿಕೆಯಲ್ಲಿ 98% ಪೂರೈಸಬಹುದು. ಸರಾಸರಿ ಕಾಯುವುದು 2.8 ನಿಮಿಷ, ತಡ 3.5 ನಿಮಿಷ. ಅದ್ಭುತವಾದ ಕೆಲಸ, ನಾನು ಈ ಕ್ಷೇತ್ರಕ್ಕೆ ಬಿದ್ದದ್ದೇ ಅಂಥವನ್ನು ಓದಿ. ಆದರೆ ನೀವು ಸೇವೆ ನಡೆಸುವಾಗ ಕೇಳಬೇಕಾದ್ದು, ಆ ಉಳಿದ 2% ಪ್ರತಿದಿನ ಬೇರೆ ಬೇರೆಯವರಾ ಅಥವಾ ಅದೇ ಜನರಾ ಅಂತ. ಊರಂಚಿನವರು, ಹೊತ್ತಲ್ಲದ ಹೊತ್ತಿನ ಪಾಳಿಯವರು, ಇಷ್ಟಗಳ ಪಟ್ಟಿ ಉದ್ದ ಇರುವವರು. ಸರಾಸರಿ ಇದನ್ನು ತೋರಿಸುವುದಿಲ್ಲ.

ಲೆಕ್ಕಪತ್ರ

ಹಾಗಾದರೆ ಅಳತೆಯನ್ನೇ ಬದಲಿಸಿ. ಪ್ರತಿಯೊಬ್ಬರ ಖಾತೆಯಲ್ಲಿ ಈ ತಿಂಗಳು ಎಷ್ಟು ತಡ ತಿಂದರು, ಎಷ್ಟು ಸಲ ಗಾಡಿ ಸಿಗಲಿಲ್ಲ ಅಂತ ಬರೆದಿಡಿ. ಎರಡು ಜೋಡಣೆ ಹೆಚ್ಚುಕಡಿಮೆ ಸಮ ಬಂದಾಗ ಬಾಕಿ ಜಾಸ್ತಿ ಇರುವವರಿಗೆ ಅನುಕೂಲ ಆಗುವುದನ್ನು ಆರಿಸಿ. ಒಂದು ಸವಾರಿಯಲ್ಲಿ ನ್ಯಾಯ ಸಿಗದಿದ್ದರೂ ತಿಂಗಳಿನಲ್ಲಿ ಸಿಗುತ್ತದೆ.

ಕಿಟಕಿಪಕ್ಕ

ಅಪರೂಪಕ್ಕೆ ಹತ್ತುವವರಿಗೆ?

ಲೆಕ್ಕಪತ್ರ

ಅವರಿಗೆ ಇದು ಕೆಲಸ ಮಾಡುವುದಿಲ್ಲ. ಹತ್ತುವ ಮೊದಲೇ ‘ಹೆಚ್ಚೆಂದರೆ ಇಷ್ಟು ತಡ’ ಅಂತ ಮಾತು ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು, ಅಷ್ಟೇ. ಆ ಮಿತಿಯನ್ನು ಶೇಕಡಾ ಲೆಕ್ಕದಲ್ಲಿ ಮಾತ್ರ ಇಡಬೇಡಿ. 20% ಅಂದರೆ ಹತ್ತು ನಿಮಿಷದ ದಾರಿಗೆ 2 ನಿಮಿಷ, ಅಷ್ಟರಲ್ಲಿ ಯಾರನ್ನೂ ಹತ್ತಿಸಲಾಗದು. ಐವತ್ತು ನಿಮಿಷದ ದಾರಿಗೆ 10. ಚಿಕ್ಕ ದಾರಿಯವರಿಗೆ ಜೊತೆಯೇ ಸಿಗದೆ ರಿಯಾಯಿತಿ ತಪ್ಪುತ್ತದೆ. ಬರೀ ನಿಮಿಷದಲ್ಲಿ ಇಟ್ಟರೆ, ಹತ್ತು ನಿಮಿಷದ ದಾರಿಗೆ 8 ನಿಮಿಷ ತಡ, ಅದೂ ಹಿಂಸೆ. ಕನಿಷ್ಠ ಇಷ್ಟು ನಿಮಿಷ, ಅದರ ಮೇಲೆ ಶೇಕಡಾ, ಅದಕ್ಕೂ ಮೇಲೊಂದು ಗೆರೆ. ಹೀಗೆ ಮೂರೂ ಬೇಕು.

ಸ್ಟೇರಿಂಗ್‌ಹಿಂದೆ

ರಿಯಾಯಿತಿ ಹೇಗೆ ಕೊಡುತ್ತೀರಿ, ಮುಂಚೆಯೇನಾ, ಜೊತೆ ಸಿಕ್ಕ ಮೇಲಾ? ಹಳೆಯ ಪೂಲ್‌ಗಳಲ್ಲಿ ಮುಂಚೆಯೇ ಬಾಡಿಗೆ ಗೊತ್ತಾಗುತ್ತಿತ್ತು. ಯಾರೂ ಹತ್ತದಿದ್ದರೆ ಒಂಟಿಯಾಗಿ ಅಗ್ಗದಲ್ಲಿ ಹೋಗುತ್ತಿದ್ದರು. ಕೆಲವರು ಗಾಡಿ ಖಾಲಿ ಇರುವ ಹೊತ್ತು ನೋಡಿಕೊಂಡೇ ಪೂಲ್ ಒತ್ತುತ್ತಿದ್ದರು. ಪಕ್ಕದ ಗಾಡಿಯವರು ಅದೇ ದುಡ್ಡು ಕೊಟ್ಟು ಊರೆಲ್ಲ ಸುತ್ತುತ್ತಿದ್ದರು.

ಹಿಂದಿನಸೀಟು

ಎರಡು ತುಂಡಾಗಿ ಕೊಡುತ್ತೇವೆ. ಶೇರ್‌ಗೆ ಒಪ್ಪಿದ್ದಕ್ಕೆ ಮುಂಚೆ ಸ್ವಲ್ಪ, ಜೊತೆ ಸಿಕ್ಕಿ ತಡವಾದರೆ ಉಳಿದದ್ದು. ಉಬರ್ 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಪೂಲ್ ನಿಲ್ಲಿಸಿ 2022ರಲ್ಲಿ ಹೊಸ ಹೆಸರಿನಲ್ಲಿ ತಂದಾಗಲೂ ಇದೇ ದಾರಿ ಹಿಡಿಯಿತು. ಪರದೆಯಲ್ಲಿ ‘ಈಗ ಒಬ್ಬರು ಹತ್ತಿದರು, ನಿಮಗೆ 6 ನಿಮಿಷ ತಡ, ಬಾಡಿಗೆ ಇಷ್ಟು ಇಳಿಯಿತು’ ಅಂತ ಆ ಕ್ಷಣಕ್ಕೇ ತೋರಿಸುತ್ತೇವೆ.

ಇಷ್ಟಗಳನ್ನು ಒಂದೇ ಪುಟದಲ್ಲಿ ಇಡುವುದಿಲ್ಲ. ಸಮಯ ಮತ್ತು ದುಡ್ಡು ಪ್ರತಿ ಸವಾರಿಗೂ ಕೇಳುತ್ತೇವೆ, ಅದಕ್ಕೆ ಬೆಲೆ ಇದೆ. ಸುರಕ್ಷತೆ, ಗಾಲಿಕುರ್ಚಿ, ನಡೆಯಲಾಗದ್ದು ಖಾತೆಯಲ್ಲಿ ಒಂದು ಸಲ ಹಾಕಿದರೆ ಮುಗಿಯಿತು, ಅದರ ಖರ್ಚು ಹುಂಡಿಯಿಂದ. ನಡೆಯಲಾಗದವರಿಗೆ ನಡೆಯುವವರ ರಿಯಾಯಿತಿಯೇ ಸಿಗುತ್ತದೆ. ಮಾತು, ಎಸಿ, ಹಾಡು ಉಚಿತ, ಆದರೆ ಖಾತ್ರಿ ಇಲ್ಲ. ಜಾತಿ, ಧರ್ಮ, ಭಾಷೆ, ಬಣ್ಣ ಕೇಳುವುದೇ ಇಲ್ಲ.

ಸುಮ್ನೆಓದುಗ

ನಡೆಯಲಾಗದು ಅಂತ ಸುಳ್ಳು ಹಾಕಿ ರಿಯಾಯಿತಿ ತಗೊಳ್ಳುವವರು ಇರುತ್ತಾರಲ್ಲ?

ಗಾಲಿಕುರ್ಚಿ

ಇರುತ್ತಾರೆ. ಅವರನ್ನು ಹಿಡಿಯಲು ನನ್ನ ಹತ್ತಿರ ಸರ್ಟಿಫಿಕೇಟ್ ಕೇಳಬೇಡಿ.

ಹಿಂದಿನಸೀಟು

ಕೇಳುವುದಿಲ್ಲ. ಹುಂಡಿ ಖಾಲಿಯಾಗಲು ಶುರುವಾದರೆ ಆಗ ನೋಡೋಣ.

ಸ್ಟೇರಿಂಗ್‌ಹಿಂದೆ

ಡ್ರೈವರ್‌ಗೂ ಒಂದು ಬಟನ್ ಇರಲಿ. ‘ಈ ಟ್ರಿಪ್‌ಗೆ ಇನ್ನು ಯಾರನ್ನೂ ಸೇರಿಸಬೇಡಿ.’ ದಿನಕ್ಕೆ ಎರಡು ಸಲ ಸಾಕು, ದಂಡ ಇಲ್ಲದೆ.

ಹಿಂದಿನಸೀಟು

ಮೂರು ಕೊಡುತ್ತೇವೆ. ಆದರೆ ಒತ್ತಿದಾಗ ಯಾರ ಕರೆ ಬಂದಿತ್ತು ಅನ್ನುವುದು ನಿಮಗೆ ಕಾಣುವುದಿಲ್ಲ.

ಸ್ಟೇರಿಂಗ್‌ಹಿಂದೆ

ಅಡ್ಡಿಯಿಲ್ಲ.